ಹುಡುಕದೆ ‘ಇಲ್ಲ’ ಎನ್ನಬೇಡಿ

ಊಟದ ತಟ್ಟೆಗೆ ಬರುವ ಕಳೆನಾಶಕದ ಉಳಿಕೆಯನ್ನು ಅಳೆಯಿರಿ, ಅಳೆದದ್ದನ್ನು ಜನರ ಮುಂದಿಡಿ ಎಂದು ಕೇಳಿದರೆ ಸಾಕು, ಆಕ್ಷೇಪಗಳು ಸಾಲುಗಟ್ಟಿ ಬರುತ್ತವೆ. ಕೆಲವು ಔಷಧಿ ಮಾರುವವರಿಂದ, ಕೆಲವು ಕೃಷಿ ವಿಜ್ಞಾನ ಓದಿದವರಿಂದ, ಇನ್ನು ಕೆಲವು ಆಳು ಸಿಗದೆ ಬೇಸತ್ತ ತೋಟದವರಿಂದ. ಈ ಮೂವರ ಮಾತಿನ ಹಿಂದಿರುವ ಕಾರಣಗಳು ಬೇರೆ ಬೇರೆ, ಹಾಗಾಗಿ ಎಲ್ಲರನ್ನೂ ಒಟ್ಟಿಗೆ ಬೈಯುವುದು ನನ್ನ ಉದ್ದೇಶವಲ್ಲ. ಅತಿ ಹೆಚ್ಚು ಬಳಕೆಯಲ್ಲಿರುವ ಗ್ಲೈಫೊಸೇಟ್ ಎಂಬ ಕಳೆನಾಶಕವನ್ನೇ ಮುಂದಿಟ್ಟುಕೊಂಡು ಒಂದೊಂದಾಗಿ ಉತ್ತರಿಸುತ್ತೇನೆ.

‘ಅದು ಅಡುಗೆ ಉಪ್ಪಿಗಿಂತ ಕಡಿಮೆ ವಿಷ’ ಎಂಬುದು ಎಲ್ಲಕ್ಕಿಂತ ಹಳೆಯ ಮಾತು. ಒಮ್ಮೆಲೇ ತಿನ್ನಿಸಿ ಅರ್ಧದಷ್ಟು ಇಲಿಗಳನ್ನು ಕೊಲ್ಲಲು ಎಷ್ಟು ಬೇಕು ಎಂಬ ಲೆಕ್ಕದಲ್ಲಿ ಇದು ಸುಳ್ಳೂ ಅಲ್ಲ. ದೇಹತೂಕದ ಪ್ರತಿ ಕಿಲೋಗೆ ಉಪ್ಪು ಸುಮಾರು 3 ಗ್ರಾಂ ಬೇಕು, ಗ್ಲೈಫೊಸೇಟ್ 5 ಗ್ರಾಂಗೂ ಹೆಚ್ಚು. ಆದರೆ ಅದು ಆ ಕ್ಷಣದ ಸಾವಿನ ಲೆಕ್ಕ. ಬೀಡಿ ಸೇದಿದವನೂ ಅದೇ ದಿನ ಸಾಯುವುದಿಲ್ಲ. ನಮ್ಮ ಪ್ರಶ್ನೆ ಇರುವುದು ದಿನಾ ಸ್ವಲ್ಪ ಸ್ವಲ್ಪವಾಗಿ, ವರ್ಷಾನುಗಟ್ಟಲೆ ಒಳಗೆ ಹೋಗುವುದರ ಬಗ್ಗೆ. ಕ್ಯಾನಿನಲ್ಲಿ ಇರುವುದು ಬರೀ ಗ್ಲೈಫೊಸೇಟ್ ಅಲ್ಲ ಎಂಬುದನ್ನೂ ಇಲ್ಲೇ ಹೇಳಬೇಕು. ಎಲೆಗೆ ಅಂಟಿ ಒಳಗಿಳಿಯಲಿ ಎಂದು ಬೆರೆಸುವ ಪಿಒಇಎ ಎಂಬ ಸಹಾಯಕ ವಸ್ತುವನ್ನು ಗ್ಲೈಫೊಸೇಟ್ ಜೊತೆ ಬಳಸಬಾರದೆಂದು ಐರೋಪ್ಯ ಒಕ್ಕೂಟ 2016ರಲ್ಲೇ ಆದೇಶಿಸಿತು. ಉಪ್ಪಿನ ಹೋಲಿಕೆ ಕೊಡುವವರು ಇದನ್ನು ಹೇಳುವುದಿಲ್ಲ.

ಗಿಡ ತನಗೆ ಬೇಕಾದ ಕೆಲವು ಅಮೈನೋ ಆಮ್ಲಗಳನ್ನು ತಯಾರಿಸಿಕೊಳ್ಳುವ ಶಿಕಿಮೇಟ್ ಮಾರ್ಗವನ್ನು ತಡೆಯುವ ರಾಸಾಯನಿಕ ಇದು, ಮನುಷ್ಯನಲ್ಲಿ ಆ ಮಾರ್ಗವೇ ಇಲ್ಲ ಎನ್ನುತ್ತಾರೆ. ಮನುಷ್ಯನ ಜೀವಕೋಶದಲ್ಲಿ ಇಲ್ಲ, ನಿಜ. ನಮ್ಮ ಕರುಳಿನ ಹಲವು ಬ್ಯಾಕ್ಟೀರಿಯಾಗಳಲ್ಲಿ ಇದೆ. ಊಟದಿಂದ ಬರುವ ಪ್ರಮಾಣ ಅವುಗಳಿಗೆ ಎಷ್ಟು ತೊಂದರೆ ಮಾಡುತ್ತದೆ ಎಂಬುದು ಇನ್ನೂ ಇತ್ಯರ್ಥವಾಗಿಲ್ಲ. ಇತ್ಯರ್ಥವಾಗದ್ದನ್ನು ಆಗಿದೆ ಎಂದು ಹೇಳಬೇಡಿ ಎನ್ನುವುದಷ್ಟೇ ನನ್ನ ತಕರಾರು.

ಕ್ಯಾನ್ಸರ್ ವಿಷಯಕ್ಕೆ ಬಂದರೆ ಎರಡೂ ಕಡೆಯವರು ಅರ್ಧ ಮಾತನಾಡುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2015ರ ಮಾರ್ಚ್‌ನಲ್ಲಿ ಗ್ಲೈಫೊಸೇಟನ್ನು ‘ಬಹುಶಃ ಕ್ಯಾನ್ಸರ್‌ಕಾರಕ’ ಎಂಬ 2ಎ ಗುಂಪಿಗೆ ಸೇರಿಸಿತು. ಅದೇ ವರ್ಷ ಕೆಂಪು ಮಾಂಸವನ್ನೂ ಅದೇ ಗುಂಪಿಗೆ ಹಾಕಿತು ಎಂದು ವಿರೋಧಿಗಳು ನೆನಪಿಸುತ್ತಾರೆ. ಸರಿಯೇ. ಆ ಗುಂಪು ಹೇಳುವುದು ಹಾನಿ ಮಾಡುವ ಶಕ್ತಿ ಇದೆಯೇ ಎಂಬುದನ್ನು, ಎಷ್ಟು ತಿಂದರೆ ಹಾನಿ ಎಂಬುದನ್ನಲ್ಲ. 2016ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಮತ್ತು ಆಹಾರ-ಕೃಷಿ ಸಂಸ್ಥೆಯ ಜಂಟಿ ತಜ್ಞರ ತಂಡ, ಆಹಾರದ ಮೂಲಕ ಬರುವ ಪ್ರಮಾಣದಿಂದ ಕ್ಯಾನ್ಸರ್ ಅಪಾಯ ಇರಲಿಕ್ಕಿಲ್ಲ ಎಂದಿತು. ಅಮೆರಿಕದಲ್ಲಿ ಐವತ್ತು ಸಾವಿರಕ್ಕೂ ಹೆಚ್ಚು ಸಿಂಪಡಣೆದಾರರ ಅಧ್ಯಯನದಲ್ಲಿ ಒಟ್ಟಾರೆ ಸಂಬಂಧ ಕಂಡಿಲ್ಲ. ಇದೂ ಸೇರಿದಂತೆ ಹಲವು ಅಧ್ಯಯನಗಳಿಂದ ಅತಿ ಹೆಚ್ಚು ಸಂಪರ್ಕಕ್ಕೆ ಬಂದವರನ್ನಷ್ಟೇ ಬೇರ್ಪಡಿಸಿ ನೋಡಿದ 2019ರ ವಿಶ್ಲೇಷಣೆ, ನಾನ್-ಹಾಡ್‌ಕಿನ್ ಲಿಂಫೋಮಾ ಎಂಬ ಕ್ಯಾನ್ಸರಿನ ಅಪಾಯ ಅವರಲ್ಲಿ ಶೇ. 41ರಷ್ಟು ಹೆಚ್ಚು ಎಂದಿತು. ಇಷ್ಟನ್ನೂ ಒಟ್ಟಿಗೆ ಹೇಳಬೇಕು. ಆದರೆ ‘ವಿಜ್ಞಾನ ಮುಗಿದಿದೆ, ಇನ್ನು ಪ್ರಶ್ನೆ ಬೇಡ’ ಎನ್ನುವವರಿಗೆ ಒಂದು ಸಂಗತಿ ತಿಳಿದಿರಲಿ. ಗ್ಲೈಫೊಸೇಟ್ ಸುರಕ್ಷಿತ ಎಂದು ಸಾಬೀತುಪಡಿಸಲು ಎರಡು ದಶಕ ಕಾಲ ಮತ್ತೆ ಮತ್ತೆ ಉಲ್ಲೇಖವಾದ 2000ದ ಪರಾಮರ್ಶೆ ಲೇಖನವನ್ನು ಪ್ರಕಟಿಸಿದ ಪತ್ರಿಕೆಯೇ 2025ರಲ್ಲಿ ಹಿಂತೆಗೆದುಕೊಂಡಿತು. ಅದರ ಬರವಣಿಗೆಯಲ್ಲಿ ಗ್ಲೈಫೊಸೇಟ್ ತಯಾರಿಸುತ್ತಿದ್ದ ಮಾನ್ಸಾಂಟೊ ಕಂಪನಿಯ ನೌಕರರ ಪಾತ್ರವಿತ್ತೆಂಬ ಅನುಮಾನಕ್ಕೆ ಆಧಾರ ಒದಗಿಸಿದ್ದು ಅಮೆರಿಕದ ಮೊಕದ್ದಮೆಗಳಲ್ಲಿ ಹೊರಬಂದ ಕಂಪನಿಯ ಪತ್ರವ್ಯವಹಾರ.

‘ಉಳಿಕೆ ಇದ್ದರೂ ಮಿತಿಯೊಳಗಿದೆ’ ಎಂಬ ವಾದ ಮೇಲ್ನೋಟಕ್ಕೆ ಗಟ್ಟಿ. ಲೆಕ್ಕ ಹಾಕಿಯೇ ನೋಡೋಣ. 2018ರಲ್ಲಿ ನಮ್ಮ ಆಹಾರ ಸುರಕ್ಷತಾ ಪ್ರಾಧಿಕಾರ ಆಮದು ಬೇಳೆಗೆ ಅನ್ವಯಿಸಿದ ಕೋಡೆಕ್ಸ್ ಎಂಬ ಅಂತರರಾಷ್ಟ್ರೀಯ ಆಹಾರ ಮಾನದಂಡದ ಮಿತಿ ಮಸೂರಕ್ಕೆ ಕಿಲೋಗೆ 5 ಮಿಲಿಗ್ರಾಂ. ಆ ಮಿತಿಯಲ್ಲೇ ಇರುವ 100 ಗ್ರಾಂ ಬೇಳೆ ತಿಂದರೆ ಅರ್ಧ ಮಿಲಿಗ್ರಾಂ ಒಳಗೆ ಹೋಗುತ್ತದೆ. 60 ಕಿಲೋ ತೂಕದವರಿಗೆ ಐರೋಪ್ಯ ಒಕ್ಕೂಟ ಒಪ್ಪುವ ದಿನದ ಪ್ರಮಾಣ 30 ಮಿಲಿಗ್ರಾಂ. ಅಂದರೆ ಅರವತ್ತರಲ್ಲಿ ಒಂದು ಪಾಲು. ಒಂದು ಬಟ್ಟಲು ಬೇಳೆಸಾರಿಗೆ ಹೆದರಿ ಬೇಳೆಯನ್ನೇ ಬಿಡಿ ಎಂದು ನಾನು ಯಾರಿಗೂ ಹೇಳಲಾರೆ. ಹಾಗೆ ಹೇಳುವವರು ಬಡವರ ತಟ್ಟೆಯ ಪ್ರೋಟೀನ್ ಕಿತ್ತುಕೊಳ್ಳುತ್ತಾರೆ.

ಆದರೆ ಆ ‘ಮಿತಿ’ ಎಲ್ಲಿಂದ ಬಂತು ಎಂಬುದನ್ನೂ ಕೇಳಬೇಕು. ಹೊಲದಲ್ಲಿ ಲೇಬಲ್ ಹೇಳಿದಂತೆ ಸಿಂಪಡಿಸಿದರೆ ಕಾಳಿನಲ್ಲಿ ಎಷ್ಟು ಉಳಿಯುತ್ತದೆ ಎಂದು ನೋಡಿ ಅದನ್ನು ನಿಗದಿ ಮಾಡುತ್ತಾರೆ. ಆಮೇಲೆ ಅದು ಆರೋಗ್ಯದ ಅಳತೆ ಮೀರುವುದಿಲ್ಲ ಎಂದು ಖಚಿತಪಡಿಸಿಕೊಳ್ಳುತ್ತಾರೆ. ಆದ್ದರಿಂದ ಸಿಂಪಡಣೆ ಬದಲಾದರೆ ಮಿತಿಯೂ ಬದಲಾಗುತ್ತದೆ. ಕಳೆನಾಶಕ ತಡೆದುಕೊಳ್ಳುವ ಕುಲಾಂತರಿ ಸೋಯಾ ಬಂದಾಗ, 1990ರ ದಶಕದ ಕೊನೆಯಲ್ಲಿ, ಯುರೋಪಿನಲ್ಲಿ ಸೋಯಾದ ಮಿತಿ ಕಿಲೋಗೆ 0.1ರಿಂದ 20 ಮಿಲಿಗ್ರಾಂಗೆ ಏರಿತು. ಜನರ ದೇಹ ಬದಲಾಗಿರಲಿಲ್ಲ, ಬೇಸಾಯ ಬದಲಾಗಿತ್ತು. ನಮ್ಮಲ್ಲೂ 2024ರ ಏಪ್ರಿಲ್‌ನಲ್ಲಿ, ದೇಶದಲ್ಲಿ ನೋಂದಣಿಯಾಗದ ಕೀಟನಾಶಕಗಳಿಗೆ ಮಸಾಲೆ ಪದಾರ್ಥಗಳಲ್ಲಿ ಇದ್ದ 0.01 ಮಿಲಿಗ್ರಾಂ ಮಿತಿಯನ್ನು 0.1ಕ್ಕೆ ಹಿಗ್ಗಿಸಲಾಯಿತು. ಹೀಗಿರುವಾಗ ‘ಮಿತಿಯೊಳಗಿದೆ’ ಎಂಬ ಒಂದೇ ಮಾತಿನಿಂದ ಗ್ರಾಹಕ ಸುಮ್ಮನಾಗಬೇಕೆಂದು ಬಯಸುವುದು ಸರಿಯಲ್ಲ. ಎಷ್ಟಿದೆ, ಅದನ್ನು ಹೇಳಿ.

‘ನಮ್ಮಲ್ಲಿ ಆಹಾರ ಬೆಳೆಗೆ ಅದನ್ನು ಹೊಡೆಯುವುದೇ ಇಲ್ಲ’ ಎನ್ನುವವರು ಯಾವುದಾದರೂ ಊರಿನ ಗೊಬ್ಬರದಂಗಡಿ ಮುಂದೆ ಅರ್ಧ ಗಂಟೆ ನಿಂತು ನೋಡಲಿ. ಕ್ಯಾನಿನ ಜೊತೆಗಿರುವ, ಇರುವೆ ಸಾಲಿನಂಥ ಅಕ್ಷರಗಳ ಮಡಿಚಿದ ಹಾಳೆಯಲ್ಲಿ ಅನುಮತಿ ಇರುವುದು ಚಹಾ ತೋಟಕ್ಕೆ ಮತ್ತು ಬೆಳೆ ಇಲ್ಲದ ಜಾಗಕ್ಕೆ. ಕೊಳ್ಳುವವರು ಒಯ್ಯುವುದು ಅಡಿಕೆ ತೋಟಕ್ಕೆ, ಕಾಫಿ ಬುಡಕ್ಕೆ, ಗದ್ದೆಯ ಬದುವಿಗೆ. 2022ರ ಅಕ್ಟೋಬರ್‌ನಲ್ಲಿ ಕೇಂದ್ರ ಸರ್ಕಾರ ಗ್ಲೈಫೊಸೇಟನ್ನು ಕೀಟ ನಿಯಂತ್ರಣ ಪರವಾನಗಿ ಇರುವವರೇ ಬಳಸಬೇಕೆಂದು ಅಧಿಸೂಚನೆ ಹೊರಡಿಸಿತು. ಆ ಪರವಾನಗಿದಾರರು ಪೇಟೆಯ ಮನೆಗಳಲ್ಲಿ ಜಿರಳೆ, ಗೆದ್ದಲು ಓಡಿಸುವವರು. ಯಾವ ಹಳ್ಳಿಯ ತೋಟಕ್ಕೆ ಬಂದಾರು?

ಇನ್ನು ಹೊರಗಿನಿಂದ ಬರುವ ಕಾಳು. ಕೆನಡಾದ ಸಸ್ಕಾಚೆವಾನ್ ಪ್ರಾಂತ್ಯದಲ್ಲಿ ಮಸೂರದ ಗಿಡ ತಾನಾಗಿ ಒಣಗುವಷ್ಟರಲ್ಲಿ ಚಳಿ ಬಂದುಬಿಡುತ್ತದೆ. ಅದಕ್ಕೆ ಕಾಳಿನ ತೇವ ಶೇ. 30ಕ್ಕಿಂತ ಕೆಳಗಿಳಿದ ಮೇಲೆ, ಕೊಯ್ಲಿಗೆ ಮೊದಲು ಗ್ಲೈಫೊಸೇಟ್ ಹೊಡೆಯಲು ಅಲ್ಲಿ ಅನುಮತಿ ಇದೆ. ಕಳೆಯೂ ಸಾಯುತ್ತದೆ, ಕೊಯ್ಲಿಗೂ ಅನುಕೂಲ. ಕೊಯ್ಲಿನ ಹೊಸ್ತಿಲಲ್ಲಿ ಹೊಡೆದದ್ದು ಕಾಳಿನಲ್ಲಿ ಉಳಿಯುವ ಸಾಧ್ಯತೆ ಸಹಜವಾಗಿ ಹೆಚ್ಚು. ಅಲ್ಲಿಂದ ಹಳದಿ ಬಟಾಣಿಯೂ ಬರುತ್ತದೆ, 2023ರ ಡಿಸೆಂಬರ್‌ನಲ್ಲಿ ಅದರ ಆಮದು ಸುಂಕವನ್ನೇ ತೆಗೆಯಲಾಗಿತ್ತು. ಮಸಾಲ ಪುರಿ ಗಾಡಿಯ ಮುಂದೆ ತಟ್ಟೆ ಹಿಡಿದು ನಿಂತವರಿಗೂ ಸಸ್ಕಾಚೆವಾನ್‌ಗೂ ನಂಟು ಇರಬಹುದು ಎಂದರೆ ಅತಿಶಯೋಕ್ತಿಯಲ್ಲ.

ತೊಳೆದರೆ, ಬೇಯಿಸಿದರೆ ಹೋಗುತ್ತದಲ್ಲ? ಇಲ್ಲ. ಇದು ಎಲೆಯ ಮೇಲೆ ಕೂರುವ ಔಷಧಿಯಲ್ಲ, ಗಿಡದೊಳಗೆ ಹರಿದು ಕಾಳಿಗೂ ಸೇರುವಂಥದ್ದು. ಕುದಿತಕ್ಕೆ ಒಡೆಯುವುದೂ ಇಲ್ಲ. ನೆನೆಸಿ ಚೆಲ್ಲಿದ ನೀರಿನಲ್ಲಿ ಸ್ವಲ್ಪ ಹೋದೀತು. ಬೇಳೆ ಕಟ್ಟನ್ನು ನಾವು ಚೆಲ್ಲುವುದಿಲ್ಲ, ಅದರಲ್ಲೇ ಸಾರು ಮಾಡುತ್ತೇವೆ.

ನನಗೆ ಎಲ್ಲಕ್ಕಿಂತ ಮುಖ್ಯವೆನಿಸುವುದು ಈ ಆಕ್ಷೇಪ: ‘ಪರೀಕ್ಷೆ ಮಾಡಿಸಿದ್ದೇವೆ, ಏನೂ ಸಿಕ್ಕಿಲ್ಲ.’ ಇಲ್ಲಿ ಪ್ರಯೋಗಾಲಯದ ಒಳಗೆ ನಡೆಯುವುದನ್ನು ತಿಳಿಯಬೇಕು. ನೂರಾರು ಕೀಟನಾಶಕಗಳನ್ನು ಒಂದೇ ಸಲ ಹುಡುಕುವ ವಿಧಾನದಲ್ಲಿ ಕಾಳನ್ನು ಪುಡಿ ಮಾಡಿ, ನೀರನ್ನೂ ಅಸಿಟೊನೈಟ್ರೈಲ್ ಎಂಬ ದ್ರಾವಕವನ್ನೂ ಹಾಕಿ ಕುಲುಕುತ್ತಾರೆ. ಲವಣ ಹಾಕಿ ನೀರನ್ನೂ ದ್ರಾವಕವನ್ನೂ ಬೇರೆ ಮಾಡಿ, ದ್ರಾವಕವನ್ನಷ್ಟೇ ಯಂತ್ರಕ್ಕೆ ಕೊಡುತ್ತಾರೆ. ಗ್ಲೈಫೊಸೇಟ್ ನೀರನ್ನು ಬಿಟ್ಟು ಬರುವುದಿಲ್ಲ. ಅದು ಚೆಲ್ಲುವ ಪಾಲಿನಲ್ಲೇ ಉಳಿಯುತ್ತದೆ. ಅದನ್ನೂ ಅದು ಒಡೆದು ಆಗುವ ಆಂಪಾ ಎಂಬುದನ್ನೂ ಹಿಡಿಯಲು ಪ್ರತ್ಯೇಕ ವಿಧಾನ ಬೇಕು, ಪ್ರತ್ಯೇಕ ಶುಲ್ಕ ಬೇಕು, ಹೆಸರು ಹೇಳಿಯೇ ಕೇಳಬೇಕು. ಸಾವಯವ ಅಂಗಡಿಯ ಗೋಡೆಗೆ ಅಂಟಿಸಿದ ವರದಿಯಲ್ಲಿ ಕ್ಲೋರ್‌ಪೈರಿಫಾಸ್‌ನಿಂದ ಹಿಡಿದು ಹತ್ತಾರು ಹೆಸರುಗಳ ಮುಂದೆ ‘ಪತ್ತೆಯಾಗಿಲ್ಲ’ ಎಂದಿರುತ್ತದೆ. ಆ ಪಟ್ಟಿಯಲ್ಲಿ ಗ್ಲೈಫೊಸೇಟ್ ಇದೆಯೇ ಎಂದು ಬೆರಳಿಟ್ಟು ಹುಡುಕಿ. ಪಟ್ಟಿಯಲ್ಲೇ ಇಲ್ಲದ್ದು ಪತ್ತೆಯಾಗುವುದು ಹೇಗೆ?

ಕೊನೆಯ ಆಕ್ಷೇಪ ತೋಟದವರದು, ಅದಕ್ಕೆ ನಾನು ತಲೆಬಾಗುತ್ತೇನೆ. ಕಳೆ ಕೀಳಲು ಆಳಿಲ್ಲ, ಸಿಕ್ಕರೂ ಕೂಲಿ ಕೊಟ್ಟು ಪೂರೈಸುವುದಿಲ್ಲ, ಮಳೆಗಾಲದಲ್ಲಿ ಹುಲ್ಲು ಸೊಂಟದುದ್ದ ಬೆಳೆಯುತ್ತದೆ. ರಾತ್ರೋರಾತ್ರಿ ನಿಷೇಧ ಮಾಡಿದರೆ ಏನಾಗುತ್ತದೆ ಎಂಬುದನ್ನು ಶ್ರೀಲಂಕಾ ಕಂಡಿದೆ. 2015ರಲ್ಲಿ ಗ್ಲೈಫೊಸೇಟ್ ನಿಂತಾಗ ಚಹಾ ತೋಟಗಳು ಎಂಸಿಪಿಎ ಎಂಬ ಬೇರೆ ಕಳೆನಾಶಕಕ್ಕೆ ತಿರುಗಿದವು, ಅದರ ಉಳಿಕೆಗಾಗಿ ಜಪಾನ್ ತಕರಾರು ತೆಗೆಯಿತು, 2018ರಲ್ಲಿ ಚಹಾ ಮತ್ತು ರಬ್ಬರಿಗೆ ನಿಷೇಧ ಸಡಿಲಿಸಬೇಕಾಯಿತು. ನಾನು ಕೇಳುತ್ತಿರುವುದು ಅಂಥ ನಿಷೇಧವಲ್ಲ. ಬೆನ್ನಿಗೆ ಪಂಪು ಕಟ್ಟಿಕೊಂಡು, ಬರಿಗಾಲಲ್ಲಿ, ಮೂಗಿಗೆ ಟವೆಲ್ ಸುತ್ತಿ ಹೊಡೆಯುವ ಕೂಲಿಯವನೇ ಈ ರಾಸಾಯನಿಕಕ್ಕೆ ಎಲ್ಲರಿಗಿಂತ ಹೆಚ್ಚು ಮೈಯೊಡ್ಡುವವನು. ಉಳಿಕೆಯ ಲೆಕ್ಕ ಹೊರಬಂದರೆ, ಹುಲ್ಲು ಕಟ್ಟರ್‌ಗೆ, ಹೊದಿಕೆ ಬೆಳೆಗೆ ಸಹಾಯಧನ ಕೇಳಲು ರೈತನಿಗೂ ಆಧಾರ ಸಿಗುತ್ತದೆ.

ಇದು ಆಗದ ಕೆಲಸವೂ ಅಲ್ಲ. ಕೇರಳ ಕೃಷಿ ವಿಶ್ವವಿದ್ಯಾಲಯದ ವೆಳ್ಳಾಯಣಿ ಪ್ರಯೋಗಾಲಯ ಮಾರುಕಟ್ಟೆಯಿಂದ ತಂದ ತರಕಾರಿ, ಹಣ್ಣು, ಮಸಾಲೆಗಳನ್ನು ಪರೀಕ್ಷಿಸಿ, ಯಾವುದರಲ್ಲಿ ಯಾವ ಔಷಧಿ ಸಿಕ್ಕಿತೆಂದು ಹೆಸರು ಸಮೇತ ಪ್ರಕಟಿಸುತ್ತ ಬಂದಿದೆ. ನಮ್ಮ ರಾಯಚೂರು ಕೃಷಿ ವಿಶ್ವವಿದ್ಯಾಲಯದಲ್ಲೂ ಉಳಿಕೆ ಪರೀಕ್ಷಿಸುವ ಪ್ರಯೋಗಾಲಯ ಇದೆ. ಮೊದಲಿಗೆ ಮಸೂರ, ಒಣ ಬಟಾಣಿ, ಕಡಲೆಹಿಟ್ಟು ಮತ್ತು ಚಹಾ, ಈ ನಾಲ್ಕನ್ನು ಕಿರಾಣಿ ಅಂಗಡಿಗಳಿಂದ ತಂದು, ಗ್ಲೈಫೊಸೇಟ್ ಮತ್ತು ಆಂಪಾಕ್ಕಾಗಿಯೇ ಪರೀಕ್ಷಿಸಿ, ಸಿಕ್ಕ ಅಂಕಿಗಳನ್ನು ಕನ್ನಡದಲ್ಲಿ ಪ್ರಕಟಿಸಲಿ. ಅಂಕಿ ಚಿಕ್ಕದಾಗಿದ್ದರೆ ಮೇಲಿನ ಆಕ್ಷೇಪಗಳನ್ನು ಎತ್ತಿದವರೇ ಅದನ್ನು ಎಲ್ಲರಿಗಿಂತ ಮೊದಲು ಸಾರಬಹುದು.