ಕಾಗೆಗೇಕೆ ನಮ್ಮ ಶನಿ ಕಾಟ?

ಹೋದ ಏಪ್ರಿಲ್‌ನಲ್ಲಿ ನಮ್ಮ ಕಾಲೇಜಿಗೆ ಒಂದು ಕಂಪನಿ ಕ್ಯಾಂಪಸ್ ಸಂದರ್ಶನಕ್ಕೆ ಬಂದಿತ್ತು. ನಮ್ಮ ಸೀನಿಯರ್ ಅಕ್ಕ ಒಬ್ಬರು ಒಂದು ತಿಂಗಳಿಂದ ಅದಕ್ಕೇ ತಯಾರಿ ನಡೆಸಿದ್ದರು. ಬೆಳಿಗ್ಗೆ ಫೈಲ್ ಹಿಡಿದು ಹಾಸ್ಟೆಲ್ ಗೇಟ್ ದಾಟುತ್ತಿದ್ದಂತೆ ಹಿಂದಿನಿಂದ ಒಂದು ಕಾಗೆ ಹಾರಿಬಂದು ತಲೆಗೆ ಪಟ್ಟಂತ ಹೊಡೆದು ಹೋಯಿತು. ಅವರು ಮನೆಗೆ ಫೋನ್ ಮಾಡಿದರು. 'ಇವತ್ತು ಹೋಗಬೇಡ. ತಲೆಗೆ ಸ್ನಾನ ಮಾಡಿ ಶನಿ ದೇವಸ್ಥಾನಕ್ಕೆ ಹೋಗಿ ಎಳ್ಳೆಣ್ಣೆ ದೀಪ ಹಚ್ಚು' ಅಂದರು ಅಮ್ಮ. ಅವರು ದೇವಸ್ಥಾನಕ್ಕೆ ಹೋದರು, ಸಂದರ್ಶನಕ್ಕೆ ಹೋಗಲಿಲ್ಲ.

ವಿಷಯ ಗೊತ್ತಾದ ಮೇಲೆ ನಾವು ನಾಲ್ಕು ಜನ ಆ ಗೇಟಿನ ಬಳಿ ಹೋಗಿ ನೋಡಿದೆವು. ಗೇಟಿಗೆ ತಾಗಿಕೊಂಡೇ ಇದ್ದ ಹೊಂಗೆ ಮರದಲ್ಲಿ ಕಾಗೆಯ ಗೂಡಿತ್ತು, ಗೂಡಿನಲ್ಲಿ ಮರಿಗಳಿದ್ದವು. ವಾಚ್‌ಮನ್ ಅಂಕಲ್ ನಕ್ಕು, 'ಒಂದು ವಾರದಿಂದ ದಿನಾ ಯಾರಿಗಾದರೂ ಕುಟ್ಟುತ್ತಾ ಇದೆ, ನನಗೇ ಎರಡು ಸಲ ಕುಟ್ಟಿದೆ' ಅಂದರು. ವಿಚಾರಿಸಿದಾಗ ಅದೇ ವಾರ ಅದೇ ಕಾಗೆಯಿಂದ ಪೆಟ್ಟು ತಿಂದವರು ಇನ್ನೂ ಐದು ಮಂದಿ ಸಿಕ್ಕರು. ಅವರಲ್ಲಿ ಇಬ್ಬರು ಅದೇ ಕಂಪನಿಗೆ ಆಯ್ಕೆಯಾಗಿದ್ದರು!

ಮರಿಗಳನ್ನು ಕಾಯುತ್ತಿದ್ದ ಒಂದು ತಾಯಿಯ ಮೇಲೆ ನಾವು ಶನಿ, ಯಮ, ಅಪಶಕುನ ಎಲ್ಲವನ್ನೂ ಹೊರಿಸಿಬಿಟ್ಟೆವು. ನಷ್ಟವಾಗಿದ್ದು ಮಾತ್ರ ಒಂದು ಕೆಲಸದ ಅವಕಾಶ. ಅದಕ್ಕೇ ಈ ಸಲ ಕಾಗೆಯ ಪರವಾಗಿ ನಾಲ್ಕು ಮಾತು ಬರೆಯೋಣ ಅನ್ನಿಸಿತು.

ಕಾಗೆಯ ಬಗ್ಗೆ ನಮ್ಮ ಭಾಷೆಯೇ ಸ್ವಲ್ಪ ನಿಷ್ಕರುಣಿ. ಅಕ್ಷರ ಕೆಟ್ಟದಾಗಿದ್ದರೆ 'ಕಾಗೆ ಕಾಲು ಗುಬ್ಬಿ ಕಾಲು'. ಸುಳ್ಳು ಹೇಳಿದರೆ 'ಕಾಗೆ ಹಾರಿಸ್ಬೇಡ'. ಮೈಬಣ್ಣ ಕಪ್ಪಿದ್ದರೆ ಶಾಲೆಯಲ್ಲಿ ಅಡ್ಡಹೆಸರೇ ಕಾಗೆ. ಆ ಹೆಸರು ಹೊತ್ತ ಹುಡುಗ ಕನ್ನಡಿ ನೋಡಲೂ ಹಿಂಜರಿಯುವುದು ನಮಗೆ ಕಾಣುವುದಿಲ್ಲ. ಚಿಕ್ಕಂದಿನಲ್ಲಿ ಕೇಳಿದ ಕಾಗಕ್ಕ ಗುಬ್ಬಕ್ಕನ ಕಥೆಯಲ್ಲೂ ಮಳೆಗೆ ಕರಗಿಹೋಗುವ ಸಗಣಿ ಮನೆ ಕಾಗಕ್ಕನದ್ದೇ. 2016ರಲ್ಲಿ ಮುಖ್ಯಮಂತ್ರಿಯಾಗಿದ್ದ ಸಿದ್ದರಾಮಯ್ಯ ಅವರ ಕಾರಿನ ಮೇಲೆ ಒಂದು ಕಾಗೆ ಕೂತಿದ್ದೇ ತಡ, ಟಿ.ವಿ. ಚಾನೆಲ್‌ಗಳಲ್ಲಿ ಜ್ಯೋತಿಷಿಗಳ ಚರ್ಚೆ ನಡೆದಿದ್ದು ನಮ್ಮಲ್ಲಿ ಅನೇಕರಿಗೆ ನೆನಪಿರಬಹುದು. ನಾನಾಗ ಪ್ರೈಮರಿ ಶಾಲೆಯಲ್ಲಿದ್ದೆ. ಆ ಕಾಗೆಗೆ ಏನಾಗಿತ್ತು, ಹುಷಾರಿಲ್ಲವೇ ಎಂದು ಯಾರೂ ಕೇಳುತ್ತಿಲ್ಲವಲ್ಲ ಅಂತ ನಮ್ಮ ತಾತ ಗೊಣಗಿದ್ದು ಮಾತ್ರ ನೆನಪಿದೆ.

ಹಾಗಂತ ನಮ್ಮ ಪುರಾಣಗಳು ಕಾಗೆಯನ್ನು ಬರೀ ಕೆಟ್ಟದ್ದು ಎಂದಿವೆಯೇ? ಇಲ್ಲ. ಶನಿಯ ವಾಹನ ಕಾಗೆ ಎನ್ನುವುದು ಎಲ್ಲರಿಗೂ ಗೊತ್ತು. ರಾಮಾಯಣದಲ್ಲಿ ಸೀತೆಯನ್ನು ಕುಕ್ಕಿದ ಕಾಕಾಸುರನ ಮೇಲೆ ರಾಮ ದರ್ಭೆಯನ್ನೇ ಅಸ್ತ್ರವಾಗಿ ಬಿಟ್ಟ ಕಥೆಯೂ ಗೊತ್ತು. ಶರಣು ಬಂದ ಕಾಗೆ ಪ್ರಾಣ ಉಳಿಸಿಕೊಂಡು ಒಂದು ಕಣ್ಣು ಕಳೆದುಕೊಂಡಿತಂತೆ. ಆದರೆ ಅದೇ ರಾಮಾಯಣದ ಉತ್ತರಕಾಂಡದಲ್ಲಿ ಇನ್ನೊಂದು ಕಥೆಯಿದೆ. ಮರುತ್ತ ರಾಜನ ಯಜ್ಞಕ್ಕೆ ರಾವಣ ನುಗ್ಗಿದಾಗ ಹೆದರಿದ ದೇವತೆಗಳು ಪ್ರಾಣಿಪಕ್ಷಿಗಳ ರೂಪದಲ್ಲಿ ಅಡಗುತ್ತಾರೆ. ಇಂದ್ರ ನವಿಲಾಗುತ್ತಾನೆ, ವರುಣ ಹಂಸವಾಗುತ್ತಾನೆ, ಯಮ ಕಾಗೆಯಾಗುತ್ತಾನೆ. ಅಪಾಯ ಕಳೆದ ಮೇಲೆ ಯಮ ಕಾಗೆಗೆ ವರ ಕೊಡುತ್ತಾನೆ: ಮನುಷ್ಯರು ನಿನಗೆ ಉಣ್ಣಿಸಿದರೆ ನನ್ನ ಲೋಕದಲ್ಲಿ ಹಸಿದಿರುವವರಿಗೆ ತೃಪ್ತಿಯಾಗುತ್ತದೆ ಎಂದು. ಅಂದರೆ, ಯಮನಿಗೇ ಆಶ್ರಯವಾದ ಹಕ್ಕಿ ಇದು. ತುಳಸೀದಾಸರ ರಾಮಚರಿತಮಾನಸದಲ್ಲಿ ಗರುಡನಿಗೆ ರಾಮಕಥೆ ಹೇಳುವ ಜ್ಞಾನಿ ಕಾಕಭುಶುಂಡಿಯೂ ಕಾಗೆಯೇ. ನಮ್ಮ ಬಸವಣ್ಣನವರಂತೂ, ಸಿಕ್ಕ ಚೂರನ್ನು ಹಂಚಿಕೊಳ್ಳುವುದನ್ನು ಮನುಷ್ಯ ಯಾರಿಂದ ಕಲಿಯಬೇಕು ಎಂಬುದಕ್ಕೆ ಕಾಗೆ, ಕೋಳಿಗಳನ್ನೇ ತೋರಿಸಿದರು.

ಹೊರದೇಶಗಳ ಕಥೆಯೂ ಹೀಗೇ ಎರಡು ಬಗೆ. ನಾರ್ಸ್ ಪುರಾಣದ ದೇವರು ಓಡಿನ್‌ಗೆ ಹುಗಿನ್, ಮುನಿನ್ ಎಂಬ ಎರಡು ರೇವನ್‌ಗಳಿದ್ದವು. ರೇವನ್ ಅಂದರೆ ನಮ್ಮ ಊರುಕಾಗೆಯ ದೊಡ್ಡ ಗಾತ್ರದ ಸೋದರಸಂಬಂಧಿ. ಆ ಎರಡು ಹೆಸರುಗಳ ಅರ್ಥ ಆಲೋಚನೆ ಮತ್ತು ನೆನಪು. ಅವು ದಿನವೂ ಜಗತ್ತೆಲ್ಲ ಸುತ್ತಿ ಸುದ್ದಿ ತರುತ್ತಿದ್ದವಂತೆ. ಲಂಡನ್ ಟವರ್‌ನಲ್ಲಿ ಇಂದಿಗೂ ಕನಿಷ್ಠ 6 ರೇವನ್‌ಗಳನ್ನು ಸಾಕುತ್ತಾರೆ. ಅವು ಹಾರಿಹೋದರೆ ರಾಜ್ಯವೇ ಬೀಳುತ್ತದೆ ಎಂಬ ನಂಬಿಕೆ ಅಲ್ಲಿಯದು. ನಮ್ಮಲ್ಲಿ ಕಾಗೆ ಹತ್ತಿರ ಬಂದರೆ ಕೇಡು, ಅಲ್ಲಿ ಬಿಟ್ಟು ಹೋದರೆ ಕೇಡು. ಹಕ್ಕಿ ಏನು ಮಾಡಬೇಕು ಹೇಳಿ?

ಈಗ ವಿಜ್ಞಾನಕ್ಕೆ ಬರೋಣ. ನಮ್ಮ ಊರುಕಾಗೆಯ ವೈಜ್ಞಾನಿಕ ಹೆಸರು ಕಾರ್ವಸ್ ಸ್ಪ್ಲೆಂಡೆನ್ಸ್. ಸ್ಪ್ಲೆಂಡೆನ್ಸ್ ಎಂದರೆ ಹೊಳೆಯುವಂಥದ್ದು. ಬಿಸಿಲಿನಲ್ಲಿ ಅದರ ರೆಕ್ಕೆಯನ್ನು ಒಮ್ಮೆ ಗಮನಿಸಿ ನೋಡಿ, ಕಪ್ಪಿನೊಳಗೆ ನೀಲಿ, ನೇರಳೆ ಮಿಂಚುತ್ತದೆ. 2002ರಲ್ಲಿ ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಬೆಟ್ಟಿ ಎಂಬ ನ್ಯೂ ಕ್ಯಾಲೆಡೋನಿಯಾದ ಕಾಗೆ ನೇರ ತಂತಿಯನ್ನು ತಾನೇ ಕೊಕ್ಕೆಯಂತೆ ಬಗ್ಗಿಸಿ, ಕೊಳವೆಯೊಳಗಿದ್ದ ಪುಟ್ಟ ಬಕೆಟ್ಟನ್ನು ಮೇಲೆತ್ತಿ ಅದರಲ್ಲಿದ್ದ ತಿನಿಸು ತಿಂದಿತು. ಹೂಜಿಗೆ ಕಲ್ಲು ಹಾಕಿ ನೀರು ಕುಡಿದ ಕಾಗೆಯ ಕಥೆಯನ್ನು ನಾವೆಲ್ಲ ಓದಿದ್ದೇವೆ. 2009ರಲ್ಲಿ ಇಂಗ್ಲೆಂಡಿನ ಸಂಶೋಧಕರು ಕಾಗೆಯ ಜಾತಿಗೇ ಸೇರಿದ ರೂಕ್ ಹಕ್ಕಿಗಳ ಮುಂದೆ ಅಂಥದ್ದೇ ನೀರಿನ ಕೊಳವೆ ಇಟ್ಟು ನೋಡಿದರು. ತೇಲುತ್ತಿದ್ದ ಹುಳು ಕೊಕ್ಕಿಗೆ ಎಟುಕುವವರೆಗೆ ಅವು ಕಲ್ಲು ಹಾಕಿದವು. ಕಥೆ ಸುಳ್ಳಾಗಿರಲಿಲ್ಲ.

ನನಗೆ ತುಂಬಾ ಇಷ್ಟವಾದದ್ದು ಅಮೆರಿಕದ ಸಿಯಾಟಲ್‌ನ ಪ್ರಯೋಗ. ವಾಷಿಂಗ್ಟನ್ ವಿಶ್ವವಿದ್ಯಾಲಯದ ಜಾನ್ ಮಾರ್ಜ್‌ಲಫ್ ಅವರ ತಂಡ 2006ರಲ್ಲಿ ಆದಿಮಾನವನ ಮುಖವಾಡ ಹಾಕಿಕೊಂಡು ಕ್ಯಾಂಪಸ್ಸಿನ 7 ಕಾಗೆಗಳನ್ನು ಹಿಡಿದು, ಕಾಲಿಗೆ ಉಂಗುರ ತೊಡಿಸಿ ಬಿಟ್ಟಿತು. ಮುಂದೆ ಆ ಮುಖವಾಡ ತೊಟ್ಟು ಯಾರೇ ನಡೆದರೂ ಕಾಗೆಗಳು ಮುತ್ತಿಕೊಂಡು ಬೈಯತೊಡಗಿದವು. ಅಮೆರಿಕದ ಆಗಿನ ಉಪಾಧ್ಯಕ್ಷ ಡಿಕ್ ಚೇನಿಯ ಮುಖವಾಡ ತೊಟ್ಟವರ ತಂಟೆಗೆ ಮಾತ್ರ ಬರಲಿಲ್ಲ! ವರ್ಷಗಳು ಕಳೆದರೂ ಅವು ಮರೆಯಲಿಲ್ಲ. ಆಗ ಸಿಕ್ಕಿಬೀಳದಿದ್ದ ಕಾಗೆಗಳೂ, ಆಮೇಲೆ ಹುಟ್ಟಿದ ಮರಿಗಳೂ ಆ ಮುಖವನ್ನು ಕಂಡು ಕೂಗಲು ಕಲಿತವು. ಅಂದರೆ, ನೆನಪು ಒಂದು ತಲೆಮಾರಿನಿಂದ ಇನ್ನೊಂದಕ್ಕೆ ದಾಟಿತ್ತು.

ಕಾಗೆಯನ್ನು ಸಂತನನ್ನಾಗಿ ಮಾಡುವುದೂ ಬೇಡ. ಆಫ್ರಿಕಾದ ಪೂರ್ವ ಕರಾವಳಿಗೆ ತಲುಪಿದ ನಮ್ಮ ಊರುಕಾಗೆಗಳು ಅಲ್ಲಿನ ಹಕ್ಕಿಗಳ ಮೊಟ್ಟೆ, ಮರಿ ತಿಂದು ತೀರಿಸುತ್ತಿವೆ ಎಂದು ಕೀನ್ಯಾ 2024ರಲ್ಲಿ 10 ಲಕ್ಷ ಕಾಗೆಗಳನ್ನು ಕೊಲ್ಲುವ ಯೋಜನೆ ಪ್ರಕಟಿಸಿತು. ಕಾಗೆ ದೇವರೂ ಅಲ್ಲ, ದೆವ್ವವೂ ಅಲ್ಲ. ಹೊಟ್ಟೆಪಾಡಿಗೆ ಎಲ್ಲಿ ಬೇಕಾದರೂ ಹೊಂದಿಕೊಳ್ಳುವ ಒಂದು ಬುದ್ಧಿವಂತ ಹಕ್ಕಿ.

ನಮ್ಮ ಭಾಷೆಯಲ್ಲೇ 'ಕಾಕತಾಳೀಯ' ಎಂಬ ಪದವಿದೆ. ಕಾಗೆ ಬಂದು ಕೂರುವುದಕ್ಕೂ ತಾಳೆಹಣ್ಣು ಬೀಳುವುದಕ್ಕೂ ಸರಿಹೋಯಿತು, ಹಣ್ಣನ್ನು ಬೀಳಿಸಿದ್ದು ಕಾಗೆಯಲ್ಲ ಎಂದು ಅದರ ಅರ್ಥ. ಎರಡು ಸಂಗತಿಗಳು ಜೊತೆಯಲ್ಲಿ ನಡೆದವು ಎಂದ ಮಾತ್ರಕ್ಕೆ ಒಂದರಿಂದ ಇನ್ನೊಂದಾಯಿತು ಎನ್ನಬಾರದು ಎಂದು ನಮಗೆ ಸ್ಟಾಟಿಸ್ಟಿಕ್ಸ್ ಕ್ಲಾಸಿನಲ್ಲಿ ಪಾಠ ಮಾಡುತ್ತಾರೆ. ನಮ್ಮ ಹಿರಿಯರು ಅದನ್ನು ಕಾಗೆಯ ಹೆಸರಿನಲ್ಲೇ ಒಂದು ಪದದಲ್ಲಿ ಹೇಳಿಟ್ಟಿದ್ದಾರೆ. ನಾವು ಪದವನ್ನು ಬಳಸುತ್ತೇವೆ, ಪಾಠವನ್ನು ಮರೆಯುತ್ತೇವೆ.

ಹಾಗಾದರೆ ಕಾಗೆಯ ಸುತ್ತ ಇರುವ ನಂಬಿಕೆಗಳೆಲ್ಲ ಕಿತ್ತೆಸೆಯಬೇಕಾದವೇ? ಎರಡು ವರ್ಷದ ಹಿಂದೆ ಕೇಳಿದ್ದರೆ ಹೌದು ಎನ್ನುತ್ತಿದ್ದೆ. ಹೋದ ವರ್ಷ ದೀಪಾವಳಿ ಕಳೆದ ಮೇಲೆ ನಮ್ಮ ತಾತ ತೀರಿಕೊಂಡರು. ಅರಸೀಕೆರೆ ಕಡೆಯ ಹಳ್ಳಿ ನಮ್ಮದು. ಮೂರನೇ ದಿನ ಹಾಲು-ತುಪ್ಪ. ತೋಟದಲ್ಲಿ ಮಣ್ಣು ಮಾಡಿದ ಜಾಗದ ಮುಂದೆ ಬಾಳೆಲೆ ಹಾಸಿ ಮುದ್ದೆ, ಸಾರು, ವಡೆ, ತಾತನಿಗೆ ಇಷ್ಟವಾದ ಬೀಡಿ ಕಟ್ಟು ಎಲ್ಲ ಇಟ್ಟು ಕಾಗೆಗಾಗಿ ಕಾದೆವು. ತೆಂಗಿನ ಮರದ ಮೇಲೆ ಮೂರು ಕಾಗೆ ಕೂತಿದ್ದವು. ಒಂದೂ ಕೆಳಗಿಳಿಯಲಿಲ್ಲ. ಅರ್ಧ ಗಂಟೆ ಆಯಿತು.

'ಏನೋ ಮನಸ್ನಾಗೆ ಉಳ್ಕಂಡೈತೆ, ಒಬ್ಬೊಬ್ರೇ ಏಳ್ಬುಡ್ರಪ್ಪ' ಅಂದರು ಊರಿನ ಹಿರಿಯರೊಬ್ಬರು. ದೊಡ್ಡಪ್ಪ ಕೈಮುಗಿದು, 'ತೋಟ ಮಾರಕಿಲ್ಲ ಕಣಪ್ಪ' ಅಂದರು. ಅಪ್ಪ, 'ಅವ್ವನ್ನ ನಾನು ನೋಡ್ಕಂತೀನಿ' ಅಂದರು. ತೋಟದ ವಿಷಯಕ್ಕೇ ಮಾತು ಬಿಟ್ಟಿದ್ದ ಅಣ್ಣ ತಮ್ಮ ಇಬ್ಬರೂ ಮೂವತ್ತು ಜನರ ಎದುರು ಹೇಳಿದ ಮಾತುಗಳವು. ಆಮೇಲೆ ಅಜ್ಜಿ ನನ್ನ ಕಡೆ ತಿರುಗಿ, 'ನೀನೂ ಏನಾರ ಏಳ್ಬುಡು ಮಗ' ಅಂದಿತು.

ನನ್ನ ಬಳಿ ಹೇಳಲು ಒಂದು ವಿಷಯ ಇತ್ತು. ಹಿಂದಿನ ಸೆಮಿಸ್ಟರ್‌ಗಳಲ್ಲಿ ಎರಡು ಸಬ್ಜೆಕ್ಟ್ ಫೇಲಾಗಿದ್ದೆ. ಎಲ್ಲ ಪಾಸ್ ಎಂದು ಮನೆಯಲ್ಲಿ ಕಾಗೆ ಹಾರಿಸಿದ್ದೆ. ತಾತ ಅದನ್ನು ನಂಬಿ, 'ನಮ್ ಹುಡ್ಗ ಇಂಜಿನಿಯರ್ ಆಯ್ತಾನೆ' ಅಂತ ಟೀ ಅಂಗಡಿಯಲ್ಲೆಲ್ಲ ಹೇಳಿಕೊಂಡು ಬಂದಿದ್ದರು. ಅವತ್ತು ಬಾಯಿಗೆ ಸುಳ್ಳು ಬರಲಿಲ್ಲ. 'ತಾತ, ಎರಡು ಸಬ್ಜೆಕ್ಟ್ ಹೋಗೈತೆ. ಪಾಸ್ ಮಾಡ್ಕಂತೀನಿ' ಅಂದೆ. ಅಪ್ಪ ತಿರುಗಿ ನೋಡಿದರು. ಏನೂ ಅನ್ನಲಿಲ್ಲ.

ಆಗಲೂ ಕಾಗೆ ಬರಲಿಲ್ಲ. ಕೊನೆಗೆ ಯಾರೋ 'ಇಷ್ಟು ಜನ ಸುತ್ತ ನಿಂತ್ರೆ ಅದು ಎಂಗೆ ಬತ್ತದೆ, ಇಂದಕ್ ಬನ್ರಿ' ಎಂದು ಎಲ್ಲರನ್ನೂ ಬೇಲಿಯ ಆಚೆ ಕಳಿಸಿದರು. ಎರಡು ನಿಮಿಷವೂ ಆಗಿರಲಿಲ್ಲ, ಒಂದು ಕಾಗೆ ಇಳಿದು ವಡೆ ಕಚ್ಚಿಕೊಂಡು ಹಾರಿತು. ಅಜ್ಜಿ ಸೆರಗಿನಿಂದ ಕಣ್ಣು ಒರೆಸಿಕೊಂಡಿತು. ಕಾಗೆ ಬಂದಿದ್ದು ನಾವು ದೂರ ಸರಿದಿದ್ದಕ್ಕೆ ಎಂದು ನನಗೆ ಗೊತ್ತು. ಆದರೆ ಅದು ಬಾರದೇ ಇದ್ದ ಆ ಅರ್ಧ ಗಂಟೆಯಲ್ಲಿ ನಮ್ಮ ಮನೆಯಲ್ಲಿ ವರ್ಷಗಳಿಂದ ಆಡದ ಮಾತುಗಳೆಲ್ಲ ಹೊರಬಂದಿದ್ದವು. ತೋಟ ಇಂದಿಗೂ ಮಾರಾಟವಾಗಿಲ್ಲ. ಅಪ್ಪ, ದೊಡ್ಡಪ್ಪ ಮಾತಾಡುತ್ತಾರೆ. ಊರಿಂದ ವಾಪಸ್ ಹೊರಟ ದಿನ ಬಸ್ ಸ್ಟ್ಯಾಂಡಿನಲ್ಲಿ ಅಪ್ಪ ಕೇಳಿದ್ದು ಒಂದೇ ಪ್ರಶ್ನೆ, 'ಮತ್ತೆ ಪರೀಕ್ಷೆ ಯಾವಾಗ?'

ಅದಕ್ಕೇ ನನ್ನದೊಂದು ಸಣ್ಣ ಲೆಕ್ಕಾಚಾರ ಇದೆ. ಒಂದು ನಂಬಿಕೆ ನಮ್ಮನ್ನು ಹೆದರಿಸಿ ಮನೆಯೊಳಗೆ ಕೂರಿಸಿದರೆ ಅದನ್ನು ಬಿಡಬೇಕು. ಹಸಿದ ಜೀವಕ್ಕೆ ಒಂದು ತುತ್ತು ಇಡಿಸಿದರೆ, ತಪ್ಪು ಒಪ್ಪಿಕೊಳ್ಳುವಂತೆ ಮಾಡಿದರೆ, ಅದು ಇರಲಿ. ಸಂದರ್ಶನ ತಪ್ಪಿಸಿದ ಕಾಗೆಯೂ ನಮ್ಮ ತೋಟದ ಕಾಗೆಯೂ ಒಂದೇ ಜಾತಿಯ ಹಕ್ಕಿ. ಒಂದು ಮರಿ ಕಾಯುತ್ತಿತ್ತು, ಇನ್ನೊಂದು ಹೊಟ್ಟೆ ತುಂಬಿಸಿಕೊಳ್ಳುತ್ತಿತ್ತು. ಎರಡಕ್ಕೂ ಅರ್ಥ ಹಚ್ಚಿದವರು ನಾವು. ಯಾವ ಅರ್ಥ ಹಚ್ಚಬೇಕು ಎನ್ನುವುದೂ ನಮ್ಮ ಕೈಯಲ್ಲೇ ಇದೆ.

ಆದ್ದರಿಂದ ಗೆಳೆಯರೇ, ನಾಳೆ ಕೆಲಸದ ಪರೀಕ್ಷೆಗೋ ಸಂದರ್ಶನಕ್ಕೋ ಹೊರಟಾಗ ಕಾಗೆ ತಲೆಗೆ ಕುಟ್ಟಿದರೆ ಮೇಲೆ ನೋಡಿ, ಗೂಡು ಇದ್ದೀತು. ಗಾಯವಾಗಿದ್ದರೆ ತೊಳೆದುಕೊಳ್ಳಿ, ತಲೆ ಬಾಚಿಕೊಳ್ಳಿ, ಬಸ್ ಹಿಡಿಯಿರಿ. ಮರಿಗಳು ಹಾರುವವರೆಗೆ ಆ ದಾರಿಯಲ್ಲಿ ಛತ್ರಿ ಹಿಡಿದು ನಡೆದರೆ ಸಾಕು. ದೇವಸ್ಥಾನಕ್ಕೆ ಹೋಗಲೇಬೇಕು ಅನ್ನಿಸಿದರೆ ಸಂದರ್ಶನ ಮುಗಿಸಿಕೊಂಡು ಹೋಗಿ, ಶನಿ ಮಹಾತ್ಮ ಸಂಜೆಯವರೆಗೆ ಖಂಡಿತ ಕಾಯುತ್ತಾನೆ.

ನಮ್ಮ ಸೀನಿಯರ್ ಅಕ್ಕನಿಗೆ ಆಮೇಲೆ ಇನ್ನೊಂದು ಕಡೆ ಕೆಲಸ ಸಿಕ್ಕಿತು. ಹಾಸ್ಟೆಲ್ ಬಿಡುವ ಮುನ್ನ ಅದೇ ಹೊಂಗೆ ಮರದ ಕೆಳಗೆ ಬಿಸ್ಕತ್ತು ಪುಡಿ ಮಾಡಿ ಹಾಕಿ ಹೋದರಂತೆ. ನನ್ನ ಎರಡು ಸಬ್ಜೆಕ್ಟ್‌ಗಳಲ್ಲಿ ಒಂದು ಪಾಸಾಗಿದೆ, ಇನ್ನೊಂದರ ಪರೀಕ್ಷೆ ಬರುವ ತಿಂಗಳು ಇದೆ. ಫಲಿತಾಂಶ ಏನೇ ಬರಲಿ, ಈ ಸಲ ಮನೆಯಲ್ಲಿ ಕಾಗೆ ಹಾರಿಸುವುದಿಲ್ಲ.