ನಗೆಯಲ್ಲಿ ಮುಳುಗಿದ ದೋಣಿ

ಗ್ರೀಸ್ ದೇಶದ ಹೈಡ್ರಾ ದ್ವೀಪವು ಕಪ್ತಾನರ ನೆಲವೆಂದು ಹೆಸರಾದುದು. ಹದಿನೆಂಟನೆಯ ಶತಮಾನದಲ್ಲಿ ಅಲ್ಲಿಯ ನಾವಿಕರು ಹಡಗಿನ ವ್ಯಾಪಾರದಿಂದ ಸಿರಿವಂತರಾದರು. 1821ರಲ್ಲಿ ಸ್ವಾತಂತ್ರ್ಯ ಸಮರ ಆರಂಭವಾದಾಗ ಆ ಹಡಗುಗಳನ್ನೇ ಯುದ್ಧಕ್ಕೆ ಸಜ್ಜುಗೊಳಿಸಿದರು. ಅವರಲ್ಲೊಬ್ಬನಾದ ಆಂದ್ರೆಯಾಸ್ ಮಿಯಾವುಲಿಸ್ ನೌಕಾಬಲದ ಮುಂದಾಳಾದನು. ಆ ಕಪ್ತಾನರು ಕಟ್ಟಿಸಿದ ಕಲ್ಲಿನ ಮಹಲುಗಳು ಇಂದಿಗೂ ಬಂದರಿನ ಮೇಲಣ ಇಳಿಜಾರಿನಲ್ಲಿ ನಿಂತಿವೆ.

ಹಡಗನ್ನೇರಿದ ಪ್ರತಿಯೊಂದು ಜೀವಕ್ಕೂ ಕಪ್ತಾನನೇ ಹೊಣೆ ಎಂಬುದು ಕಡಲಿನವರ ಹಳೆಯ ಧರ್ಮ. ಅಂತಹ ಹೊಣೆಯನ್ನು ಕಪ್ತಾನರ ಊರೇ ಮರೆತರೆ ಏನಾದೀತು? ಈ ಪ್ರಶ್ನೆಯನ್ನು ನಮ್ಮ ಮುಂದಿಡುವ ಚಿತ್ರ, 1956ರಲ್ಲಿ ಮೈಕೇಲ್ ಕಾಕೋಯಾನಿಸ್ ಅವರು ಹೈಡ್ರಾದಲ್ಲಿಯೇ ಚಿತ್ರಿಸಿದ ‘ಕಪ್ಪುಡುಗೆಯ ಹುಡುಗಿ’. ಮುಂದೆ 1964ರಲ್ಲಿ ‘ಜೋರ್ಬಾ’ ಚಿತ್ರದಿಂದ ಲೋಕವಿಖ್ಯಾತರಾದವರು ಇವರೇ.

ಅಥೆನ್ಸ್ ನಗರದಿಂದ ಪಾವ್ಲೋಸ್ ಎಂಬ ಲೇಖಕನು ಗೆಳೆಯನೊಡನೆ ರಜೆ ಕಳೆಯಲು ದ್ವೀಪಕ್ಕೆ ಬರುತ್ತಾನೆ. ಅವರು ತಂಗುವುದು ಹಿಂದೆ ಬಾಳಿ ಈಗ ಬಡವಾದ ಒಂದು ಮನೆಯಲ್ಲಿ. ಆ ಮನೆಯ ಮಗಳು ಮರೀನಾ. ಸದಾ ಶೋಕದ ಕಪ್ಪುಡುಗೆ ಧರಿಸಿದವಳು. ವಿಧವೆಯಾದ ಅವಳ ತಾಯಿಯ ನಡತೆ ಊರಿನ ಬಾಯಿಗೆ ಆಹಾರವಾಗಿದೆ. ತಾಯಿಯ ಹೆಸರು ಹಿಡಿದು ಮಗಳನ್ನು ಹಂಗಿಸುವುದು ಬಂದರುಕಟ್ಟೆಯ ತರುಣರಿಗೆ ನಿತ್ಯದ ವಿನೋದ. ಅವರ ಮುಂದಾಳು, ಮರೀನಾಳನ್ನು ಬಯಸಿ ತಿರಸ್ಕೃತನಾದ ಕ್ರಿಸ್ತೋಸ್. ಪಾವ್ಲೋಸ್ ಮತ್ತು ಮರೀನಾ ಪರಸ್ಪರ ಒಲಿದಾಗ ಈ ವಿನೋದಕ್ಕೆ ವಿಷವೇರುತ್ತದೆ. ಪರಊರಿನವನನ್ನು ನೀರಿಗೆ ಕೆಡವಿ ನಗಬೇಕೆಂದು ತರುಣರು ಒಂದು ದೋಣಿಯನ್ನು ಕೆಡಿಸಿಡುತ್ತಾರೆ. ಏನೂ ಅರಿಯದ ಪಾವ್ಲೋಸ್ ಆ ದೋಣಿಗೆ ಊರಿನ ಮಕ್ಕಳನ್ನೂ ಹತ್ತಿಸಿಕೊಳ್ಳುತ್ತಾನೆ. ನಡುನೀರಿನಲ್ಲಿ ದೋಣಿ ಮುಳುಗಿ ಮಕ್ಕಳು ಪ್ರಾಣ ಬಿಡುತ್ತಾರೆ.

ಮುಂದಿನದನ್ನು ನೋಡುಗರಿಗೇ ಬಿಡುತ್ತೇವೆ. ಎಲ್ಲಿ ಲಂಬೆತಿ, ದಿಮಿತ್ರಿಸ್ ಹಾರ್ನ್, ಯೊರ್ಗೋಸ್ ಫುಂಡಾಸ್ ಅವರ ಅಭಿನಯ, ವಾಲ್ಟರ್ ಲಸಾಲಿ ಅವರ ಕಪ್ಪು-ಬಿಳುಪಿನ ಛಾಯಾಗ್ರಹಣ ಎರಡೂ ಗಂಭೀರವಾಗಿವೆ. ಬಿಸಿಲಿಗೆ ಹೊಳೆಯುವ ಬಿಳಿಯ ಗೋಡೆಗಳ ನಡುವೆ ಕಪ್ಪುಡುಗೆಯ ಆ ಒಂಟಿ ಆಕೃತಿ ನಡೆದು ಹೋಗುವಾಗ, ಊರಿನ ಕಣ್ಣುಗಳೆಲ್ಲ ಅವಳ ಬೆನ್ನಿಗೆ ನೆಟ್ಟಿರುವುದನ್ನು ನಾವೇ ಅನುಭವಿಸುತ್ತೇವೆ.

ನಮ್ಮನ್ನು ಬಹುವಾಗಿ ಕಲಕಿದ್ದು ಇನ್ನೊಂದು ಸಂಗತಿ. ಮಕ್ಕಳನ್ನು ಕೊಲ್ಲಬೇಕೆಂದು ಅಲ್ಲಿ ಯಾರೂ ಬಗೆದಿರಲಿಲ್ಲ. ದೋಣಿ ಕೆಡಿಸಿದವರು ಕೆಲವರೇ. ಆದರೆ ಆ ಕೈಗಳಿಗೆ ಧೈರ್ಯ ಕೊಟ್ಟದ್ದು ವರ್ಷಗಟ್ಟಲೆ ಊರು ನಕ್ಕ ನಗು. ಗಾಳಿಮಾತು ಆಡಿದವರು, ಕೇಳಿ ಮುಗುಳ್ನಕ್ಕವರು, ನಮಗೇಕೆಂದು ಸುಮ್ಮನಿದ್ದವರು ಎಲ್ಲರೂ ಆ ದೋಣಿಯಲ್ಲಿ ಒಂದೊಂದು ರಂಧ್ರ ಕೊರೆದವರೇ. ಮುಳುಗಿದ ಮಕ್ಕಳಾದರೋ ಅವರವೇ.

ಒಂದು ಮನೆಯ ಮಾನವನ್ನು ಹರಾಜಿಗಿಟ್ಟು ನಗುವ ಮಾತುಗಳನ್ನು ಮನೆಯ ಎಳೆಯರು ಬಾಗಿಲ ಮರೆಯಲ್ಲಿ ನಿಂತು ಕೇಳುತ್ತಿರುತ್ತಾರೆ. ಕೇಳಿದ್ದನ್ನು ನಾಳೆ ಬೀದಿಯಲ್ಲಿ ಆಡುತ್ತಾರೆ. ಆದುದರಿಂದ ಪ್ರತಿ ಮನೆಯ ಹಿರಿಯರೂ ಒಂದೊಂದು ದೋಣಿಯ ಕಪ್ತಾನರೇ. ಅಂತಹ ಮಾತು ಎದ್ದಾಗ ‘ಸಾಕು, ಬಿಡಿ’ ಎಂದು ಮೆಲ್ಲಗೆ ತಡೆಯುವ ಒಬ್ಬರು ಹೈಡ್ರಾದ ಆ ಬಂದರುಕಟ್ಟೆಯಲ್ಲಿ ಇದ್ದಿದ್ದರೆ ಸಾಕಿತ್ತು.