ಸಾವನೇರ್ ಬರೀ ಹಾದುಹೋಗುವ ಊರಲ್ಲ

ನಾಗಪುರದಿಂದ ಬೈತೂಲ್, ಭೋಪಾಲ್ ಕಡೆಗೆ ಹೊರಟ ಬಸ್ಸು ಸುಮಾರು ಒಂದು ಗಂಟೆಯಲ್ಲಿ ಸಾವನೇರ್ ತಲುಪುತ್ತದೆ. ಛಿಂದ್ವಾಡಾದ ಹೆದ್ದಾರಿ ಕವಲೊಡೆಯುವುದೂ ಇಲ್ಲೇ. 1956ರ ನವೆಂಬರ್ 1ರಂದು, ಅಂದರೆ ಕನ್ನಡಿಗರು ಒಂದಾದ ದಿನವೇ, ಈ ಊರು ಗಡಿಯೂರಾಯಿತು. ಅಂದು ನಾಗಪುರ ಮುಂಬೈ ರಾಜ್ಯಕ್ಕೆ ಸೇರಿತು, ಛಿಂದ್ವಾಡಾ ಮಧ್ಯಪ್ರದೇಶದಲ್ಲೇ ಉಳಿಯಿತು. ನಮ್ಮ ರಾಜ್ಯೋತ್ಸವದ ಭಾಷಣಗಳಲ್ಲಿ ಈ ಮಾತು ಬಂದದ್ದನ್ನು ನಾನಂತೂ ಕೇಳಿಲ್ಲ.

ಸಾವನೇರ್ ಹತ್ತಿ, ಕಿತ್ತಳೆ ಬೆಳೆಯುವ ಸೀಮೆಯ ತಾಲೂಕು ಕೇಂದ್ರ. ಸುತ್ತಮುತ್ತ ವೆಸ್ಟರ್ನ್ ಕೋಲ್‌ಫೀಲ್ಡ್ಸ್‌ನ ಗಣಿಗಳಿವೆ. ನಾಗಪುರದತ್ತ ಬಂದರೆ ಖಾಪರಖೇಡಾ, ಕೊರಾಡಿ ವಿದ್ಯುತ್ ಸ್ಥಾವರಗಳು. ಛಿಂದ್ವಾಡಾಕ್ಕೆ ಹೋಗುತ್ತಿದ್ದ ನ್ಯಾರೋಗೇಜ್ ರೈಲು 2015ರಲ್ಲಿ ನಿಂತಿತು. ಆಮೇಲೆ ಅದೇ ಮಾರ್ಗ ಬ್ರಾಡ್‌ಗೇಜ್ ಆಗಿದೆ. ಊರು ಬೆಳೆಯುತ್ತಿದೆ. ಬ್ಯಾಂಕು, ಗಣಿಗಳಿಗೆ ವರ್ಗವಾಗಿ ಬರುವವರಲ್ಲಿ ನಮ್ಮವರೂ ಇರುತ್ತಾರೆ.

ಆದರೆ ಅವರು ಸಂಘಕ್ಕೆ ಬರುವುದು ಹೇಗೆ? ಆಮಂತ್ರಣದಲ್ಲಿ ಸಂಜೆ ಆರು ಗಂಟೆ ಎಂದಿರುತ್ತದೆ, ದೀಪ ಬೆಳಗುವಾಗ ಏಳೂವರೆ. ಸನ್ಮಾನ, ಹಾರ, ಶಾಲು ಮುಗಿಯುವ ಹೊತ್ತಿಗೆ ಒಂಬತ್ತು. ಮಕ್ಕಳ ನಾಟಕ ಅದರ ನಂತರ! ತಿಂಗಳುಗಟ್ಟಲೆ ಮಾತು ಕಲಿತ ಮಗುವನ್ನು ಬಣ್ಣ ಹಚ್ಚುವ ಮೊದಲೇ ಎಬ್ಬಿಸಿಕೊಂಡು ಬಸ್ಸಿಗೆ ಓಡುವ ತಾಯಿ ಮುಂದಿನ ವರ್ಷ ಬರುವುದಿಲ್ಲ. ಮನೆಯ ಹೊರಗೆ ಆ ಮಗುವಿಗೆ ಕನ್ನಡ ಕೇಳುವುದು ಅದೊಂದೇ ಕಡೆ. ಹಾಗಿದ್ದೂ ವರದಿಯಲ್ಲಿ 'ಸದಸ್ಯರ ನಿರಾಸಕ್ತಿ' ಎಂದು ಬರೆಯುತ್ತೇವೆ.

ಪದಾಧಿಕಾರಿಗಳಲ್ಲಿ ಒಂದು ವಿನಂತಿ. ಈ ನವೆಂಬರಿನ ಒಂದು ಭಾನುವಾರ ಬೆಳಿಗ್ಗೆ ಹತ್ತಕ್ಕೆ ಸಾವನೇರ್‌ನಲ್ಲೇ ಸೇರೋಣ. ಮೊದಲು ಮಕ್ಕಳ ನಾಟಕ ಆಗಲಿ, ಭಾಷಣ ಆಮೇಲೆ. ಶಾಲು ಬೇಡ, ಉಪ್ಪಿಟ್ಟು, ಕಾಫಿ ಇದ್ದರೆ ಸಾಕು.